ಓಬಳಮ್ಮನ ಕಾರು ಗುಡ್ಡ ಹತ್ತಿದ್ದು

ಪಾತ್ರೆ ಅಂಗಡಿ ಪಾಲಯ್ಯನ ಹೆಂಡತಿ ಓಬಳಮ್ಮನಿಗೆ ಚಿನ್ನ ಬೇಡ, ಸೀರೆ ಬೇಡ. ತವರಿನ ದೇವರಾದ ಗುಡ್ಡದ ಓಬಳೇಶನನ್ನು ಒಮ್ಮೆ ಕಣ್ತುಂಬ ನೋಡಬೇಕು, ಅಷ್ಟೇ ಆಸೆ.

ಹೆಣ್ಣುಮಕ್ಕಳ ಪಾಡು ನಿಮಗೆ ಗೊತ್ತೇ ಇದೆ. ಮದುವೆಯಾದ ದಿನ ಊರು ಬದಲು, ಮನೆ ಬದಲು, ಅದರ ಜೊತೆಗೆ ಮನೆದೇವರೂ ಬದಲು. ಗಂಡನ ಮನೆಯ ವೀರಭದ್ರಸ್ವಾಮಿಗೆ ಅವಳು ತಪ್ಪದೆ ಹೂವೇರಿಸಿದಳು, ದೀಪ ಹಚ್ಚಿದಳು. ಅದರಲ್ಲಿ ಕಪಟವಿರಲಿಲ್ಲ. ಆದರೆ ಕಣ್ಣು ಮುಚ್ಚಿದರೆ ಎದುರಿಗೆ ಬರುತ್ತಿದ್ದದ್ದು, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಆ ಕರೀ ಕಲ್ಲಿನ ಮೂರ್ತಿ. ಹೆತ್ತವರು ತೀರಿಕೊಂಡ ಮೇಲೆ ಆ ಕಡೆಗೆ ಕರೆದೊಯ್ಯುವವರೇ ಇಲ್ಲವಾದರು.

ಹೀಗಿರುವಾಗ ಪಾಲಯ್ಯ ಹಳೆಯದೊಂದು ಕಾರು ಕೊಂಡ. "ಓಬಳಿ, ಮೊದಲು ನಿನ್ನ ದೇವರ ಹತ್ರಾನೇ ಹೋಗೋದು" ಅಂದ. ಅವಳಿಗೆ ಆ ದಿನ ಊಟವೇ ಸೇರಲಿಲ್ಲ.

ಕಾರಿನ ಮುಂದೆ ಚೆಂಡುಹೂವಿನ ಹಾರ ಕಟ್ಟಿ ಹೊರಟರು. ಬಯಲು ದಾರಿ ಸಲೀಸಾಗಿ ಮುಗಿಯಿತು. ಗುಡ್ಡದ ಏರುದಾರಿ ಅರ್ಧ ಹತ್ತುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಇಂಜಿನ್ ಆರುವ ತನಕ ಕಾದು, ನೀರು ಹಾಕಿ, ಹೆದರಿಕೊಂಡು ವಾಪಸ್ ಬಂದರು.

ಹಾರ ಬಿಚ್ಚಿ ಕಾರನ್ನು ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ದಾದಾಪೀರ್ ರೇಡಿಯೇಟರ್ ತೊಳೆದ, ಪೈಪು ಬದಲಿಸಿದ, ಊರಾಚೆ ಬಹಳ ದೂರ ಓಡಿಸಿ ನೋಡಿದ.

"ಏನೂ ಇಲ್ಲ ಪಾಲಯ್ಯಣ್ಣ, ಮಡಕೆ ನೀರಿನ ಥರ ತಣ್ಣಗಿದೆ" ಅಂದ.

ಅವನು ಹೇಳಿದ್ದು ನಿಜ. ಮುಂದಿನ ವಾರವೇ ಪಾಲಯ್ಯ ಹಿಂದಿನ ಸೀಟಿನ ತುಂಬ ಹಿತ್ತಾಳೆ ಹಂಡೆ ಹೇರಿಕೊಂಡು ಬೇರೊಂದು ಘಾಟಿ ಹತ್ತಿ ಬಂದ. ಮುಳ್ಳು ಅಲುಗಲಿಲ್ಲ.

"ನಮ್ಮ ಭಕ್ತೀಲೇ ಏನೋ ಕೊರತೆ ಆಗಿರಬೇಕು" ಅಂದುಕೊಂಡ. ಎರಡನೇ ಸಲ ತೋಳುಗಾತ್ರದ ಹಾರ ಕಟ್ಟಿಸಿದ, ಅದರ ಹಿಂದೆ ಕೆಂಪು ಬಟ್ಟೆ ಬಿಗಿದ. ಈ ಸಲ ಕಾರು ಅರ್ಧ ಗುಡ್ಡವನ್ನೂ ಹತ್ತಲಿಲ್ಲ. ಕಾಲುಭಾಗಕ್ಕೇ ಹಬೆ.

ಮನೆಯಲ್ಲಿ ಅತ್ತೆ ಮಾರಕ್ಕ ಎಲೆಅಡಿಕೆ ಅಗಿಯುತ್ತಾ ಹೇಳಿದಳು: "ದೇವರು ಕರೆಸ್ಕೊಂಡ್ರೆ ಹೋಗೋದು ಕಣವ್ವ, ಕಾರಿದೆ ಅಂತ ಹೋಗೋದಲ್ಲ. ನಿನ್ನ ತವರಿನ ದೇವರು ನಿನ್ನ ಮರೆತೇಬಿಟ್ಟವ್ನೆ."

ಮಾತು ತಮಾಷೆಯದು. ಓಬಳಮ್ಮನ ಎದೆಯಲ್ಲಿ ಅದು ಮುಳ್ಳಾಗಿ ಕೂತಿತು. ಇನ್ನೊಬ್ಬ ದೇವರಿಗೆ ಹೂವೇರಿಸಿದ ಕೈ ಅವನಿಗೆ ಬೇಡವಾಯಿತೇ? ಹೋಗಿ ಬಂದು ಮಾಡದ ಮಗಳು ಅಂತ ಮುನಿದನೇ? ಯಾರನ್ನು ಕೇಳುವುದು?

ಮೂರನೇ ಸಲ ಪಾಲಯ್ಯ ಹಟಕ್ಕೆ ಬಿದ್ದ. 'ಶ್ರೀ ಓಬಳೇಶ್ವರ ದರ್ಶನ ಯಾತ್ರೆ' ಎಂದು ಫ್ಲೆಕ್ಸ್ ಮಾಡಿಸಿದ, ಕೆಳಗೆ ತನ್ನ ಅಂಗಡಿಯ ಹೆಸರನ್ನೂ ಹಾಕಿಸಿದ. ಒಂದು ದೀಪದಿಂದ ಇನ್ನೊಂದು ದೀಪದವರೆಗೆ ಕಾರಿನ ಮುಖ ಮುಚ್ಚುವಂತೆ ಬಿಗಿದ. ಅದರ ಮೇಲೆ ಹಾರದ ಮೇಲೆ ಹಾರ. "ಅವನಿಗೆ ದೂರದಿಂದಲೇ ಕಾಣ್ಬೇಕು, ನೋಡು" ಅಂದ.

ಗುಡ್ಡದ ಬುಡದಲ್ಲೇ ಕಾರು ಕುದಿಯಿತು.

ಪಾಲಯ್ಯ ತಲೆ ಮೇಲೆ ಕೈ ಹೊತ್ತು ಕೂತ. "ಸಾಕು ಓಬಳಿ. ಪ್ರತಿ ಸಲಾನೂ ಇನ್ನಷ್ಟು ದೂರಕ್ಕೆ ತಳ್ತಾ ಇದಾನೆ. ಅವನಿಗೇ ಇಷ್ಟ ಇಲ್ಲ. ವಾಪಸ್ ಹೋಗೋಣ."

ಓಬಳಮ್ಮ ಮೇಲೆ ನೋಡಿದಳು. ಬಂಡೆಗಳ ನಡುವೆ ಸುಣ್ಣ ಬಳಿದ ಗುಡಿ ಅಂಗೈಯಷ್ಟು ಕಾಣುತ್ತಿತ್ತು. "ಅಪ್ಪಾ, ಬೇಡ ಅಂದ್ರೆ ಬೇಡ ಅಂತ ಹೇಳ್ಬಿಡು. ಈ ಹಬೆ ಮಾತು ನನಗೆ ತಿಳಿಯಲ್ಲ" ಅಂದಳು. ಕಣ್ಣೊರೆಸಿಕೊಂಡಳು. ಬಂದಿದ್ದಕ್ಕೆ ಒಂದು ಹೂವನ್ನಾದರೂ ಅವನ ಕಡೆಗೆ ಏರಿಸಿ ಹೋಗೋಣವೆಂದು ಹಾರಕ್ಕೆ ಕೈ ಹಾಕಿದಳು.

ಹೊರಗಿನ ಹೂವು ಬಾಡಿತ್ತು. ಒಳ್ಳೆಯದೊಂದು ಸಿಗಲೆಂದು ಬೆರಳನ್ನು ಒಳಗೆ ತೂರಿಸಿದಳು. ಒಳಗಿನ ಹೂವು ಬೇಯಿಸಿದ ಸೊಪ್ಪಾಗಿತ್ತು. ಕೈ ಸುಟ್ಟಿತು. ಗುಡ್ಡದಿಂದ ಬೀಸುವ ತಂಗಾಳಿಗೆ ಸೆರಗು ಹಾರುತ್ತಿದೆ. ಹಾರದ ಹಿಂದೆ ನೋಡಿದರೆ ಒಲೆಯ ಬಾಯಿ.

ಅವಳು ಗಕ್ಕನೆ ನಿಂತಳು.

"ಏನ್ರೀ, ಇಲ್ಲಿ ಬನ್ನಿ. ಇದಕ್ಕೆ ಗಾಳಿ ಎಲ್ಲಿಂದ ಹೋಗುತ್ತೆ?"

"ಮುಂದಗಡೆಯಿಂದ."

"ಮುಂದಗಡೆ ಎಲ್ಲಿದೆ, ತೋರಿಸಿ?"

ಪಾಲಯ್ಯ ನೋಡಿದ. ಕಂಡದ್ದು ಫ್ಲೆಕ್ಸು, ಹಾರ, ಅಷ್ಟೇ.

"ದಾದಾಪೀರಣ್ಣನ ಹತ್ರ ಹೋದಾಗ ಹಾರ ಇರಲಿಲ್ಲ. ಹಂಡೆ ಹೇರ್ಕೊಂಡು ಹೋದಾಗ್ಲೂ ಇರಲಿಲ್ಲ. ದೇವರ ಹತ್ರ ಬರುವಾಗ ಮಾತ್ರ ಕಟ್ತೀವಿ. ಕಟ್ಟೋದು ಹೆಚ್ಚಾದಷ್ಟೂ ಬೇಗ ಕುದಿಯುತ್ತೆ. ಅವನು ಎಲ್ಲಿ ತಳ್ಳಿದ? ನಾವೇ ಇದರ ಮೂಗು ಮುಚ್ಚಿದೀವಿ!"

"ಹಂಗಂತ ಅರ್ಧ ದಾರೀಲಿ ದೇವರ ಹೆಸರು ಬಿಚ್ಚೋದಾ? ಅಪಶಕುನ ಕಣೇ."

"ಈ ಫ್ಲೆಕ್ಸಲ್ಲಿ ಅವನ ಹೆಸರಿಗಿಂತ ನಿಮ್ಮ ಅಂಗಡಿ ಹೆಸರೇ ದಪ್ಪ ಇದೆ, ನೋಡಿ. ಅಪಶಕುನ ಆದ್ರೆ ನನಗೇ ಆಗ್ಲಿ. ಅವನನ್ನ ನೋಡ್ದೆ ಇರೋದಕ್ಕಿಂತ ದೊಡ್ಡ ಅಪಶಕುನ ಯಾವುದಿದೆ ನನಗೆ?"

ಪಾಲಯ್ಯ ತಾನೇ ಬಾಗಿ ಗಂಟು ಬಿಚ್ಚಿದ. ಫ್ಲೆಕ್ಸ್ ಮಡಿಚಿ ಡಿಕ್ಕಿಗೆ ಹಾಕಿದ. ಹಾರಗಳನ್ನು ಬೇವಿನ ಮರದ ಕೊಂಬೆಗೆ ಇಳಿಬಿಟ್ಟ. ಇಂಜಿನ್ ಪೂರ್ತಿ ಆರಿದ ಮೇಲೆ ನೀರು ತುಂಬಿ, ಕೈಮುಗಿದು ಕಾರು ಹೊರಡಿಸಿದ. ಕಾಲುಭಾಗ ದಾಟಿತು. ಅರ್ಧ ದಾಟಿತು. ಇಬ್ಬರೂ ರಸ್ತೆ ನೋಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು ಅಂದರೂ ಸರಿಯೇ. ಅದು ನಡುವಿನಲ್ಲಿ ನಿಂತದ್ದು ಕದಲಲಿಲ್ಲ.

ಗುಡಿಯಲ್ಲಿ ಜನರಿರಲಿಲ್ಲ. ಒಂದು ಹಣತೆ ಉರಿಯುತ್ತಿತ್ತು. ಮೂರ್ತಿ ಅವಳ ನೆನಪಿನಲ್ಲಿದ್ದುದಕ್ಕಿಂತ ಚಿಕ್ಕದಾಗಿತ್ತು. ಕಣ್ಣು ಮಾತ್ರ ಅವೇ.

"ಹೂವು ಹಣ್ಣು ತಂದಿದ್ದೀಯೇನವ್ವ?" ಪೂಜಾರಿ ಕೇಳಿದ.

"ಏನೂ ತಂದಿಲ್ಲ ಅಯ್ಯನೋರೇ. ನಾನು ಬಂದಿದ್ದೀನಿ" ಅಂದಳು.

ಬಹಳ ಹೊತ್ತಾಯಿತು. ಬಿಸಿಲು ಹೊಸಿಲು ದಾಟಿ ಹೊರಗೆ ಸರಿಯಿತು. ಪಾಲಯ್ಯ ಮೆಲ್ಲಗೆ ಕೇಳಿದ: "ಹೊರಡೋಣವಾ?"

ಓಬಳಮ್ಮ ತಿರುಗಿ ನೋಡಲಿಲ್ಲ.

"ಇನ್ನೊಂಚೂರು ಇರ್ತೀನಿ ಕಣ್ರೀ" ಅಂದಳು.

ನೀತಿ: ದೇವರ ದಾರಿಯಲ್ಲಿ ಅಡ್ಡಿ ಬಂದರೆ, ಅವನು ನನ್ನನ್ನು ಬೇಡವೆಂದ ಎಂದು ಅಳುವ ಮೊದಲು, ನಾನೇ ಏನನ್ನು ಅಡ್ಡ ಕಟ್ಟಿಕೊಂಡಿದ್ದೇನೆ ಎಂದು ಕೈಯಿಟ್ಟು ನೋಡಬೇಕು. ಕರುಣಾಳು ಯಾರನ್ನೂ ಹಿಂದಕ್ಕೆ ತಳ್ಳುವವನಲ್ಲ. ಅವನಿಗೆ ತೋರಿಸಲು ಹೊರಟವರು ದಾರಿಯಲ್ಲೇ ಬಳಲುತ್ತಾರೆ. ಅವನನ್ನು ನೋಡಲು ಹೊರಟವರು ಮುಟ್ಟುತ್ತಾರೆ.