ಬಲಗಡೆ ಕತ್ತರಿಸಿದ ಫೋಟೋ

ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಮ್ಮ ಎಂಬ ಹೆಂಗಸು ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟುಕೊಂಡಿದ್ದಳು. ಅಂಗಡಿ ದೊಡ್ಡದೇನಲ್ಲ. ಮನೆ ಮುಂದಿನ ಜಗಲಿಗೆ ತಗಡು ಹೊದಿಸಿ ಒಂದು ಒಲೆ, ಒಂದು ಬಾಣಲೆ, ಗಿರಾಕಿಗಳಿಗೆ ಒಂದು ಬೆಂಚು. ಗಂಡ ಮಹೇಶಪ್ಪ ಲಾರಿ ಓಡಿಸುವವನು. ಅವನು ಮನೆಯಲ್ಲಿ ಇರುವುದಕ್ಕಿಂತ ಹೆದ್ದಾರಿಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಅವನ ತಾಯಿ ಗಂಗಮಾಳವ್ವನನ್ನು ನೋಡಿಕೊಳ್ಳುವ ಹೊಣೆ ಪೂರ್ತಿ ಹಾಲಮ್ಮನದೇ.

ಗಂಗಮಾಳವ್ವನಿಗೆ ಮರೆವು ಬಂದಿತ್ತು. ಸಣ್ಣಪುಟ್ಟ ಮರೆವಲ್ಲ. ಗಂಡ ಸತ್ತದ್ದು ಮರೆತಿದ್ದಳು, ಮಗನ ಮುಖ ಮರೆತಿದ್ದಳು, ಉಂಡು ಕೈ ತೊಳೆದ ಮೇಲೆ ಊಟ ಯಾವಾಗ ಎಂದು ಕೇಳುತ್ತಿದ್ದಳು. ಸೊಸೆಯನ್ನೇ ತನ್ನ ತಾಯಿ ಅಂದುಕೊಂಡಿದ್ದಳು.

"ಅವ್ವಾ, ಹೊತ್ತಾತು. ನಮ್ಮೂರಿಗೆ ಹೋಗಣ ನಡಿ" ಅಂತ ಎದ್ದು ಹೊರಟೇಬಿಡುತ್ತಿದ್ದಳು. ಒಂದು ದಿನ ಹಾಲಮ್ಮ ಹಿಟ್ಟು ಕಲಸಿ ತಿರುಗಿ ನೋಡುವಷ್ಟರಲ್ಲಿ ಮುದುಕಿ ಇಲ್ಲ. ಹುಡುಕಿಕೊಂಡು ಓಡಿದರೆ ರೈಲು ಹಳಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಗೇಟಿನವನು ಮೊದಲೇ ಕಂಡು ಎಬ್ಬಿಸದಿದ್ದರೆ ಅವತ್ತೇ ಎಲ್ಲ ಮುಗಿದುಹೋಗುತ್ತಿತ್ತು.

ಅಂಗಡಿ ಮುಚ್ಚಿ ಕೂರುವ ಹಾಗಿಲ್ಲ. ಮುದುಕಿಯನ್ನು ಒಳಗೆ ಕೂಡಿ ಹಾಕಿದರೆ ಬಾಗಿಲು ಬಡಿದು ಅಳುತ್ತಾಳೆ. ಹಾಲಮ್ಮ ಯೋಚನೆ ಮಾಡಿ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಉದ್ದಕ್ಕೆ ಹರಿದಳು. ಒಂದು ತುದಿಯನ್ನು ಅತ್ತೆಯ ಮುಂಗೈಗೆ ಸಡಿಲವಾಗಿ ಕಟ್ಟಿದಳು. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು. ಅತ್ತೆ ಎದ್ದರೆ ಸೊಂಟ ಜಗ್ಗುತ್ತಿತ್ತು. "ಎಲ್ಲಿಗೆ ಹೊಂಟೆ ಅತ್ತೆಮ್ಮ? ನಾನೂ ಬರ್ತೀನಿ, ಈ ಒಂದು ಒಬ್ಬೆ ಮಿರ್ಚಿ ತೆಗೀತೀನಿ ತಡಿ" ಎಂದರೆ ಮುದುಕಿ ಕೂರುತ್ತಿದ್ದಳು. ಎಷ್ಟೋ ಸಲ ಸುಮ್ಮಸುಮ್ಮನೆ ಬಟ್ಟೆ ಎಳೆದು, ಸೊಸೆ ತಿರುಗಿ ನೋಡಿದ ಕೂಡಲೆ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಅದೇ ಓಣಿಯ ತುದಿಯಲ್ಲಿ ಲೋಕಪ್ಪ ಮೇಷ್ಟ್ರ ಮನೆ. ಕೆಲಸದಿಂದ ನಿವೃತ್ತರಾದ ಮೇಲೆ ಅವರ ಅಳಿಯ ಜೇಬಿನಲ್ಲಿ ಹಿಡಿಯುವಂಥ ಪುಟ್ಟ ಕ್ಯಾಮೆರಾ ಒಂದನ್ನು ಕೊಟ್ಟಿದ್ದ. ಅದನ್ನು ಹಿಡಿದು ಮೇಷ್ಟ್ರು ಬೆಳಗಾದರೆ ಸುತ್ತಲು ಹೊರಡುತ್ತಿದ್ದರು. ಎಮ್ಮೆ ಮೈ ತೊಳೆಯುವವರು, ಸೈಕಲ್ಲಿನ ಮೇಲೆ ಬುಟ್ಟಿ ಕಟ್ಟಿದ ಸೊಪ್ಪಿನವಳು, ಗಾಳಿಪಟ ಸಿಕ್ಕಿಕೊಂಡ ಕರೆಂಟು ಕಂಬ, ಏನು ಕಂಡರೂ ತೆಗೆಯುತ್ತಿದ್ದರು. ದಿನಕ್ಕೊಂದು ಚಿತ್ರವನ್ನು ಮೊಬೈಲಿಗೆ ಹಾಕಿಕೊಂಡು, ಕೆಳಗೊಂದು ಸಾಲು ಬರೆದು ಗ್ರೂಪುಗಳಿಗೆ ಕಳಿಸುತ್ತಿದ್ದರು. ಜನ ಕೈ ಮುಗಿಯುವ ಗುರುತು, ಹೂವಿನ ಗುರುತು ಹಾಕುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬರಬರುತ್ತಾ ಮೇಷ್ಟ್ರು ಚಿತ್ರ ನೋಡುವುದಕ್ಕಿಂತ ಹೂವು ಎಣಿಸುವುದೇ ಹೆಚ್ಚಾಯಿತು.

ಒಂದು ಸಂಜೆ ಅವರು ಹಾಲಮ್ಮನ ಬೆಂಚಿನ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದರು.

"ಇದೇನು ಹಾಲಮ್ಮ, ಈ ಬಟ್ಟೆ?" ಎಂದು ಕೇಳಿದರು.

ಹಾಲಮ್ಮ ರೈಲು ಹಳಿಯ ಕಥೆಯನ್ನೆಲ್ಲ ಹೇಳಿದಳು. ಮೇಷ್ಟ್ರು "ಭೇಷ್, ಭೇಷ್" ಎಂದರು. ಕ್ಯಾಮೆರಾ ತೆಗೆದು ಒಂದು ಫೋಟೋ ಹೊಡೆದರು. ಚಹಾ ಕುಡಿದು ಹೋದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಫೋಟೋ ಊರೆಲ್ಲ ಓಡಾಡಿತು. ಅದರಲ್ಲಿ ಗಂಗಮಾಳವ್ವ ಒಬ್ಬಳೇ ಇದ್ದಳು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಮುದುಕಿ, ಮುಂಗೈಗೆ ಕಟ್ಟಿದ ಬಟ್ಟೆ. ಬಟ್ಟೆಯ ಇನ್ನೊಂದು ತುದಿ ಚಿತ್ರದ ಅಂಚಿನಲ್ಲಿ ಮಾಯವಾಗಿತ್ತು. ಕಂಬಕ್ಕೋ ಗೂಟಕ್ಕೋ ಕಟ್ಟಿದ್ದಾರೆ ಎಂದು ಯಾರಿಗಾದರೂ ಅನ್ನಿಸಬೇಕು, ಹಾಗಿತ್ತು. ಕೆಳಗೆ ಮೇಷ್ಟ್ರ ಒಂದು ಸಾಲು: "ಮುಪ್ಪಿಗೆ ಸಿಕ್ಕ ಬಹುಮಾನ."

ಉಳಿದದ್ದನ್ನು ಜನರೇ ಬರೆದುಕೊಂಡರು. ಒಬ್ಬ "ಸೊಸೆ ಕಟ್ಟಿಹಾಕಿದ್ದಾಳೆ" ಎಂದು ಸೇರಿಸಿದ. ಇನ್ನೊಬ್ಬ "ಊಟವನ್ನೂ ಹಾಕುತ್ತಿಲ್ಲವಂತೆ" ಎಂದ. ಮತ್ತೊಬ್ಬ ಆಸ್ತಿ ಬರೆಸಿಕೊಂಡ ಕಥೆ ಹುಟ್ಟಿಸಿದ. ಆ ತಗಡಿನ ಜಗಲಿ ಬಿಟ್ಟರೆ ಬೇರೆ ಆಸ್ತಿ ಅವರಿಗೆ ಇದ್ದರೆ ತಾನೇ! ಅಂಗಡಿ ಎಲ್ಲಿದೆ, ಹೆಸರೇನು ಎಂಬುದನ್ನೂ ಯಾರೋ ಬರೆದರು. ಮೇಷ್ಟ್ರು ಎಲ್ಲವನ್ನೂ ಓದಿದರು. ಅವರಿಗೆ ನಿಜ ಗೊತ್ತಿತ್ತು. ಆದರೂ ಒಂದು ಮಾತೂ ಬರೆಯಲಿಲ್ಲ. ಅಷ್ಟು ಹೂವು ಅವರಿಗೆ ಹಿಂದೆಂದೂ ಬಂದಿರಲಿಲ್ಲ.

ಹಾಲಮ್ಮನಿಗೆ ಇದು ಗೊತ್ತಾದದ್ದು ಅವಳ ನಾದಿನಿ ಕೊಟ್ರಮ್ಮನ ಫೋನಿನಿಂದ.

"ನಮ್ಮವ್ವ ನಿನ್ನ ಕಣ್ಣಿಗೆ ದನದಂಗೆ ಕಂಡ್ಲೇನು ಹಾಲಮ್ಮ?" ಎಂದು ಕೊಟ್ರಮ್ಮ ಅಳುತ್ತ ಕೂಗಿದಳು. ವರ್ಷಕ್ಕೊಮ್ಮೆಯೂ ತಾಯಿಯನ್ನು ಬಂದು ನೋಡದವಳು. ಹಾಲಮ್ಮ ಏನು ಹೇಳಲು ಹೋದರೂ ಕೇಳದೆ ಫೋನ್ ಇಟ್ಟಳು.

ಸಂಜೆ ಗಿರಾಕಿಗಳು ಬರಲಿಲ್ಲ. ಬೈಕಿನ ಮೇಲೆ ಬಂದ ನಾಲ್ಕಾರು ಮಂದಿ ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈದರು. ಅವರಲ್ಲಿ ಯಾರೂ "ಅಜ್ಜಿ, ಹೇಗಿದ್ದೀ?" ಎಂದು ಮುದುಕಿಯನ್ನು ಕೇಳಲಿಲ್ಲ. ಬಟ್ಟೆಯ ಇನ್ನೊಂದು ತುದಿ ಹಾಲಮ್ಮನ ಸೊಂಟದಲ್ಲೇ ಇತ್ತು, ಎದುರಿಗೇ ಇತ್ತು. ನೋಡಲು ಬಂದಿದ್ದರೆ ತಾನೇ ಕಾಣುವುದು!

ಮರುದಿನ ಒಂದು ಜೀಪು ಬಂತು. ವೃದ್ಧರ ಆಶ್ರಮವೊಂದರ ಹೆಂಗಸರಿಬ್ಬರು, ಜೊತೆಗೊಬ್ಬ ಅಧಿಕಾರಿ.

"ದೂರು ಬಂದಿದೆ. ವಿಚಾರಣೆ ಮುಗಿಯೋವರೆಗೂ ಅಜ್ಜಿ ನಮ್ಮಲ್ಲಿರ್ತಾರೆ" ಎಂದ ಅಧಿಕಾರಿ.

"ಸಾರ್, ಇದರ ಇನ್ನೊಂದು ತುದಿ ನೋಡ್ರಿ, ನನಗೇ ಕಟ್ಕೊಂಡೀನಿ. ಅತ್ತೆಮ್ಮ ಹಳಿ ಮೇಲೆ ಹೋಗ್ತಾಳ್ರಿ. ಬ್ಯಾರೆಯವರ ಕೈಯಾಗೆ ಉಣ್ಣಂಗಿಲ್ರಿ" ಎಂದು ಹಾಲಮ್ಮ ಕೈ ಮುಗಿದಳು.

"ಫೋಟೋ ಎಲ್ಲರೂ ನೋಡಿದಾರಮ್ಮ" ಎಂದ ಅವನು. ಮಾತು ಅಲ್ಲಿಗೆ ಮುಗಿಯಿತು.

ಅವರು ಮುದುಕಿಯ ಮುಂಗೈಯ ಗಂಟು ಬಿಚ್ಚಿದರು. ಮುದುಕಿ ಜೀಪಿಗೆ ಹತ್ತಲಾರೆನೆಂದು ಕಾಲು ಊರಿ ನಿಂತಳು. ರಟ್ಟೆ ಹಿಡಿದು ಎತ್ತಿದರು. "ಅವ್ವಾ! ಅವ್ವಾ, ಬಾರೆ!" ಎಂದು ಆಕೆ ಕೂಗಿದ್ದು ಓಣಿಯ ಕೊನೆಯವರೆಗೂ ಕೇಳಿಸಿತು. ಸುತ್ತ ನಿಂತವರು ಮೊಬೈಲ್ ಎತ್ತಿ ಅದನ್ನೂ ಹಿಡಿದುಕೊಂಡರು.

ಹಾಲಮ್ಮ ಒಲೆ ಆರಿಸಿದಳು. ಅಳು ಬರಲಿಲ್ಲ, ಸಿಟ್ಟು ಬಂತು. ನೆಟ್ಟಗೆ ಮೇಷ್ಟ್ರ ಮನೆಗೆ ಹೋದಳು. ಅವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು.

"ಮೇಷ್ಟ್ರೇ, ನಮ್ಮತ್ತೇನ ಎಳ್ಕೊಂಡು ಹೋದ್ರು. ನಿಮ್ಮ ಫೋಟೋ ನೋಡಿ ಎಳ್ಕೊಂಡು ಹೋದ್ರು" ಎಂದಳು.

ಮೇಷ್ಟ್ರ ಮುಖ ಕಪ್ಪಿಟ್ಟಿತು. ಆದರೂ ಹೇಳಿದರು: "ನೋಡು ಹಾಲಮ್ಮ, ನಾನು ಸುಳ್ಳು ಬರೆದಿಲ್ಲ. ನಿನ್ನ ಹೆಸರು ಹಾಕಿಲ್ಲ. ಕಂಡದ್ದನ್ನ ತೆಗೆದೆ, ಅಷ್ಟೆ."

"ಕಂಡದ್ದನ್ನ ಪೂರಾ ತೆಗೆದ್ರಾ? ಕ್ಯಾಮೆರಾ ತರ್ರಿ. ನಾ ನೋಡ್ತೀನಿ."

ಮೇಷ್ಟ್ರು ಏಳಲಿಲ್ಲ. ಒಳಗಿಂದ ಅವರ ಹೆಂಡತಿ ಗಿರಿಜಕ್ಕ ಕ್ಯಾಮೆರಾ ತಂದು ಟೀಪಾಯಿಯ ಮೇಲೆ ಇಟ್ಟರು. ಬಾಗಿಲಲ್ಲೇ ನಿಂತರು. ಈಗ ತೋರಿಸದೆ ವಿಧಿಯಿರಲಿಲ್ಲ.

ಆ ಪುಟ್ಟ ಪರದೆಯ ಮೇಲೆ ಇಡೀ ಚಿತ್ರ ಇತ್ತು. ಎಡಗಡೆ ಅತ್ತೆ. ಬಲಗಡೆ ಬಾಣಲೆ ಮುಂದೆ ಸೊಸೆ, ಕೈಯಲ್ಲಿ ಮಿರ್ಚಿ ತೆಗೆಯುವ ಜಾರಿ, ಬೆವರಿಗೆ ಅಂಟಿದ ಕೂದಲು, ಸೊಂಟದಲ್ಲಿ ಬಟ್ಟೆಯ ಗಂಟು. ಅತ್ತೆ ಬಟ್ಟೆ ಎಳೆದ ಗಳಿಗೆ ಇರಬೇಕು. ಸೊಸೆ ಹಿಂತಿರುಗಿ ನೋಡಿ ನಗುತ್ತಿದ್ದಳು.

ಹಾಲಮ್ಮ ಬಹಳ ಹೊತ್ತು ನೋಡಿದಳು. ತಾನು ಹಾಗೆ ನಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

"ನನ್ನನ್ನ ಯಾಕೆ ಕತ್ತರಿಸಿದ್ರಿ?"

"ಆ ಕಡೆ ಎಣ್ಣೆ ಡಬ್ಬ, ಸಿಲಿಂಡರ್, ಹರಿದ ಚೀಲ... ಎಲ್ಲ ಗಲೀಜು ಕಾಣ್ತಿತ್ತು. ಚಿತ್ರಕ್ಕೆ ಶೋಭೆ ಇರಲಿಲ್ಲ" ಎಂದರು ಮೇಷ್ಟ್ರು, ನೆಲ ನೋಡುತ್ತ.

"ಗಲೀಜು! ಆ ಗಲೀಜಿನಾಗೇ ಕೂತು ಮಿರ್ಚಿ ತಿಂದ್ರಲ್ರಿ ನೀವು! ಬಟ್ಟೆ ಯಾಕೆ ಅಂತ ಬಾಯಿಬಿಟ್ಟು ಕೇಳಿದ್ರಿ. ನಾ ಬಾಯಿಬಿಟ್ಟು ಹೇಳಿದೆ. ಗೊತ್ತಿಲ್ದೆ ಮಾಡಿದ್ರೆ ಹೋಗ್ಲಿ ಅಂತಿದ್ದೆ. ಗೊತ್ತಿದ್ದೂ ಜನ ನನ್ನ ಮುಖಕ್ಕೆ ಉಗಿಯೋದನ್ನ ಕೂತು ನೋಡಿದ್ರಲ್ಲ!"

ಮೇಷ್ಟ್ರು ತಡವರಿಸಿದರು. "ಭಾನುವಾರ ನಮ್ಮ ಫೋಟೋ ಸಂಘದವರು ಇದೇ ಚಿತ್ರಕ್ಕೆ ನನಗೆ ಸನ್ಮಾನ ಇಟ್ಕೊಂಡಿದಾರೆ. ಬ್ಯಾನರ್ ಬೇರೆ ಮಾಡಿಸಿದಾರೆ. ಒಂದು ಕೆಲಸ ಮಾಡಣ ಹಾಲಮ್ಮ. ನಾಳೆ ನೀನು ಒಳ್ಳೇ ಸೀರೆ ಉಟ್ಕೊ. ಆಶ್ರಮಕ್ಕೆ ಹೋಗಣ. ನೀನು ಅತ್ತೆಗೆ ತುತ್ತು ಕೊಡೋ ಹಾಗೆ ಚೆಂದದ ಫೋಟೋ ತೆಗೀತೀನಿ. 'ತಾಯಿಯಂಥ ಸೊಸೆ' ಅಂತ ಹಾಕ್ತೀನಿ. ಬೈದವರೇ ಹೊಗಳ್ತಾರೆ ನೋಡು."

ಒಂದು ಗಳಿಗೆ ಹಾಲಮ್ಮನಿಗೂ ಆಸೆಯಾಯಿತು. ಸುಲಭದ ದಾರಿ. ಅಂಗಡಿಗೆ ಗಿರಾಕಿ ಬರುತ್ತಾರೆ, ನಾದಿನಿ ಬಾಯಿ ಮುಚ್ಚುತ್ತಾಳೆ. ಆದರೆ ಮರುಗಳಿಗೆಯೇ ಅವಳಿಗೆ ಹೇಸಿಗೆ ಅನ್ನಿಸಿತು.

"ಬ್ಯಾಡ ಮೇಷ್ಟ್ರೇ. ನಾಟಕ ಮಾಡಿ ಒಳ್ಳೆಯವಳು ಅನ್ನಿಸಿಕೊಳ್ಳೋ ಗತಿ ನನಗೆ ಬಂದಿಲ್ಲ. ಆ ಹಳೇ ಫೋಟೋನೇ ಹಾಕ್ರಿ. ಎಣ್ಣೆ ಡಬ್ಬ, ಸಿಲಿಂಡರ್, ಹರಿದ ಚೀಲ, ನಾನು, ಎಲ್ಲ ಇರ್ಲಿ. ಕತ್ತರಿಸಿದ್ದು ನಾನೇ ಅಂತ ಕೆಳಗೆ ನಿಮ್ಮ ಹೆಸರು ಬರೀರಿ. ಹಾಕೋವರೆಗೂ ನಾ ಇಲ್ಲಿಂದ ಏಳಾಕಿಲ್ಲ."

ಅವಳು ಹೊಸ್ತಿಲ ಮೇಲೆ ಕೂತೇಬಿಟ್ಟಳು.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಗಿರಿಜಕ್ಕ ಇಷ್ಟೇ ಹೇಳಿದರು: "ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬ್ಯಾಡ್ರಿ ಅಂತ ಪಾಠ ಮಾಡಿದ್ರಿ."

ಮೇಷ್ಟ್ರ ಬೆರಳು ಆಡಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಇಡೀ ಚಿತ್ರ ಹಾಕಿದರು. ಬಟ್ಟೆ ಯಾಕೆಂದು ಬರೆದರು. ತಮಗೆ ನಿಜ ಮೊದಲೇ ಗೊತ್ತಿತ್ತು ಎಂದೂ ಬರೆದರು. ಆಮೇಲೆ ಕ್ಯಾಮೆರಾ ಜೇಬಿಗಿಟ್ಟುಕೊಂಡು ಹಾಲಮ್ಮನ ಜೊತೆ ಆಶ್ರಮಕ್ಕೆ ನಡೆದರು. ಅಧಿಕಾರಿಯನ್ನು ಅಲ್ಲಿಗೇ ಕರೆಸಿ ಚಿತ್ರ ತೋರಿಸಿದರು. ಅಧಿಕಾರಿ ಒಮ್ಮೆ ಪರದೆ ನೋಡಿದ, ಒಮ್ಮೆ ಹಾಲಮ್ಮನನ್ನು ನೋಡಿದ. "ಮೊದಲೇ ಹೇಳಬಾರದಿತ್ತಾ?" ಎಂದ. ಹೇಳಿದವಳು ಎದುರಿಗೇ ನಿಂತಿದ್ದಳು.

ಗಂಗಮಾಳವ್ವ ಅಲ್ಲಿ ಒಂದು ಅಗುಳೂ ಮುಟ್ಟಿರಲಿಲ್ಲ. ಹಾಲಮ್ಮನ ದನಿ ಕೇಳಿ ಗೋಡೆ ಹಿಡಿದು ಎದ್ದು ಬಂದಳು. ಅವಳ ಮುಂಗೈಯಲ್ಲಿ ಹಳೆ ಬಟ್ಟೆಯ ಒಂದು ಗೀರೂ ಇರಲಿಲ್ಲ. ಕಾಪಾಡಲು ಬಂದವರು ಹಿಡಿದೆಳೆದ ರಟ್ಟೆ ಮಾತ್ರ ನೀಲಿಗಟ್ಟಿತ್ತು. ಮೇಷ್ಟ್ರು ಅದನ್ನು ನೋಡಿದರು. ಅವರ ಕೈ ಜೇಬಿನ ಕ್ಯಾಮೆರಾಕ್ಕೆ ಹೋಗಲಿಲ್ಲ.

ಅವತ್ತೇ ಹಾಲಮ್ಮ ಅತ್ತೆಯನ್ನು ಮನೆಗೆ ಕರೆತಂದಳು. ಸಂಘದ ಸನ್ಮಾನ ನಿಂತುಹೋಯಿತು. ಅಂಗಡಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ವಾಪಸ್ಸು ಬಂದರು. ಆದರೆ ಬಂದು ಬೈದುಹೋದವರಲ್ಲಿ ಒಬ್ಬನೂ "ತಪ್ಪಾಯ್ತು" ಎನ್ನಲು ಬರಲಿಲ್ಲ. ನಿಜದ ಚಿತ್ರವನ್ನು ಮುಂದೆ ಕಳಿಸುವ ಆತುರವೂ ಯಾರಿಗೂ ಇರಲಿಲ್ಲ. ಸೊಸೆ ಕೆಟ್ಟವಳೆಂದರೆ ಓಡುವ ಬೆರಳು, ಸೊಸೆ ಒಳ್ಳೆಯವಳೆಂದರೆ ಯಾಕೋ ಓಡಲಿಲ್ಲ.

ಎಷ್ಟೋ ತಿಂಗಳಾದ ಮೇಲೆ ಒಂದು ಸಂಜೆ ಮೇಷ್ಟ್ರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಮುಖ ಬಾಡಿತ್ತು. ಮೊಬೈಲನ್ನು ಹಾಲಮ್ಮನ ಮುಂದೆ ಹಿಡಿದರು. ದೂರದ ಊರಿನ ನೆಂಟನೊಬ್ಬ ಅದೇ ಕತ್ತರಿಸಿದ ಫೋಟೋವನ್ನು ಅವರಿಗೇ ಕಳಿಸಿದ್ದ. "ಇಂಥ ಸೊಸೆಯರಿಗೆ ಧಿಕ್ಕಾರ. ಹತ್ತು ಜನಕ್ಕೆ ಕಳಿಸಿ" ಎಂದಿತ್ತು. ಮೇಷ್ಟ್ರು ಕೆಳಗೆ ಬರೆದಿದ್ದರು: "ಇದು ಸುಳ್ಳು. ಫೋಟೋ ತೆಗೆದವನೂ ಕತ್ತರಿಸಿದವನೂ ನಾನೇ." ಅದಕ್ಕೆ ನೆಂಟನ ಉತ್ತರ: "ತಮಾಷೆ ಮಾಡಬೇಡಿ. ಕಣ್ಣಿಗೆ ಕಾಣ್ತಾ ಇದೆಯಲ್ಲ!"

ಹಾಲಮ್ಮ ಓದಿದಳು. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿತ್ತು. ಅದನ್ನು ತೆಗೆದು ಪಕ್ಕಕ್ಕೆ ಹಾಕಿದಳು.

"ಮತ್ತೆ ಬರೀರಿ" ಎಂದಳು.

"ಎಷ್ಟು ಸಲ ಅಂತ ಬರೀಲಿ ಹಾಲಮ್ಮ?"

"ಅದು ಎಷ್ಟು ಸಲ ಬರ್ತೈತೋ ಅಷ್ಟು ಸಲ ಬರೀರಿ ಮೇಷ್ಟ್ರೇ. ಕತ್ತರಿಸೋಕೆ ನಿಮಗೆ ಒಂದು ಗಳಿಗೆ ಸಾಕಾತು. ಹೊಲಿಯೋಕೆ ನಿಮ್ಮ ಆಯುಷ್ಯ ಸಾಲ್ದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮತ್ತೆ ಬರೆಯತೊಡಗಿದರು.

ನೀತಿ: ಒಬ್ಬರ ಬದುಕಿನ ಅರ್ಧವನ್ನು ಕತ್ತರಿಸಿ ತೋರಿಸುವುದೂ ಸುಳ್ಳೇ. ನಿಜ ಗೊತ್ತಿದ್ದು ಸುಮ್ಮನಿರುವವನು ಆ ಸುಳ್ಳಿಗೆ ಪಾಲುದಾರ. ವಿಚಾರಿಸದೆ ಅದನ್ನು ಮುಂದೆ ಕಳಿಸುವವನೂ ಪಾಲುದಾರನೇ. ಚಿತ್ರ ನೋಡಿ ಯಾರ ಮೇಲಾದರೂ ಸಿಟ್ಟು ಬಂದರೆ, ಬೆರಳು ಆಡಿಸುವ ಮೊದಲು ಕೇಳಿಕೊಳ್ಳಿ: ಇದರ ಅಂಚಿನಾಚೆ ಯಾರಿದ್ದರು?