ದಿಂಬಿಗೆ ಅತ್ತ ಡಾಕ್ಟರು

ಒಂದೂರಿನ ಆಸ್ಪತ್ರೆಯಲ್ಲಿ ಗುರುಪಾದಪ್ಪ ಎಂಬ ಎಲುಬಿನ ಡಾಕ್ಟರಿದ್ದರು. ಕೈಗುಣ ಒಳ್ಳೆಯದು. ಮನಸ್ಸೂ ಕೆಟ್ಟದ್ದೇನಲ್ಲ. ಇದ್ದದ್ದು ಒಂದೇ ಚಟ, ನಾಟಕ. ಅವರು ರಂಗದ ಮೇಲೆ ಅತ್ತರೆ ಮುಂದಿನ ಸಾಲಿನವರು ಕಾಲು ಮೇಲೆತ್ತಿ ಕೂರಬೇಕಾಗುತ್ತಿತ್ತಂತೆ, ಅಷ್ಟು ನೀರು! ಇದರಲ್ಲಿ ಅರ್ಧ ಬಿಟ್ಟು ಅರ್ಧ ನಂಬಿದರೂ ಸಾಕು.

ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾರುವ ಕಸ್ತೂರವ್ವನ ಮಗಳು ಪಲ್ಲವಿ ಪೇರಲ ಗಿಡದಿಂದ ಬಿದ್ದು ಕೈ ಮುರಿದುಕೊಂಡಳು. ಇದೇ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ವಾರ್ಡಿನಲ್ಲಿ ಮಲಗಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಹುಡುಗಿಯ ಬೆರಳು ಬಾತು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಕಸ್ತೂರವ್ವ ನರ್ಸಿನ ಹತ್ತಿರ ಓಡಿದಳು. "ಅಕ್ಕಾರ, ಮುಟ್ಟಿದ್ರ ಗೊತ್ತಾಗವಲ್ದು ಅಂತಾಳ್ರಿ. ಡಾಕ್ಟರ್ ಸಾಹೇಬ್ರನ್ನ ಕರೀರಿ."

"ಪ್ಲಾಸ್ಟರ್ ಅಂದ ಮ್ಯಾಲೆ ನೋವು ಇರೂದ. ಇವತ್ತು ಆಸ್ಪತ್ರಿ ವಾರ್ಷಿಕೋತ್ಸವ ಐತಿ. ಸಾಹೇಬ್ರು ತಾಲೀಮಿನ್ಯಾಗ ಅದಾರ."

ಮಧ್ಯಾಹ್ನ ಹುಡುಗಿ ಚೀರಾಡತೊಡಗಿದಾಗ ಆ ನರ್ಸಿಗೂ ಕರುಳು ಚುರುಕ್ ಎಂದಿತು. ಡಾಕ್ಟರಿಗೆ ಫೋನ್ ಮಾಡಿದಳು. ಇಟ್ಟಾದ ಮೇಲೆ ತಲೆ ತಗ್ಗಿಸಿ ಹೇಳಿದಳು: "ಈಗಷ್ಟ ಅಳು ಕೂಡಿ ಬಂದೈತಿ, ಕೆಡಿಸಬ್ಯಾಡ್ರಿ ಅಂದ್ರಬೇ."

ಕಸ್ತೂರವ್ವನ ಮೈಯೆಲ್ಲ ಉರಿದುಹೋಯಿತು. ಇವರ ಅಳು ಕೂಡಿ ಬರಬೇಕು, ನನ್ನ ಕೂಸಿನ ಕೈ ಕೊಳೀಬೇಕೇನು? ಸಂಜೆಗೆ ಪಲ್ಲವಿಯ ಚೀರಾಟ ನಿಂತಿತು. ಈಗ ಅವಳಿಗೆ ಬರೀ ನರಳುವಷ್ಟೇ ತ್ರಾಣವಿತ್ತು. ಅದನ್ನು ಕಂಡು ಕಸ್ತೂರವ್ವನಿಗೆ ಇನ್ನೂ ಹೆದರಿಕೆಯಾಯಿತು. ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದ ಪೆಂಡಾಲಿಗೆ ನಡೆದಳು.

ಅಲ್ಲಿ ಕಿರುನಾಟಕ ರಂಗೇರಿತ್ತು. ಕಂಪೌಂಡರ್ ಸೀರೆಯುಟ್ಟು ಬಡ ತಾಯಿಯಾಗಿದ್ದ. ಮಂಚದ ಮೇಲೆ ಹೊದಿಕೆ ಸುತ್ತಿದ ಒಂದು ದಿಂಬು, ಅದೇ ಕಾಯಿಲೆಯ ಮಗು. ಡಾಕ್ಟರನ ಪಾತ್ರದಲ್ಲೇ ಇದ್ದ ಗುರುಪಾದಪ್ಪನವರು ದಿಂಬನ್ನು ತಬ್ಬಿಕೊಂಡು, "ಕಂದಾ! ನೀನು ಕರೆದರೆ ಊಟ ಬಿಟ್ಟು ಬರುವೆ, ನಿದ್ದೆ ಬಿಟ್ಟು ಬರುವೆ!" ಎಂದು ಬಿಕ್ಕುತ್ತಿದ್ದರು. ಮಂದಿ ಮೂಗು ಒರೆಸಿಕೊಳ್ಳುತ್ತಿದ್ದರು.

ಕಸ್ತೂರವ್ವ ಸರಸರ ಮೆಟ್ಟಿಲು ಹತ್ತಿದಳು. ದಿಂಬನ್ನು ಕಿತ್ತು ಪ್ರೇಕ್ಷಕರ ಮೇಲೆ ಎಸೆದಳು. ಅದು ಮುಖ್ಯ ಅತಿಥಿಯ ಮಡಿಲಿಗೇ ಬಿತ್ತು ಎನ್ನುತ್ತಾರೆ, ಇರಲಿ. ಮಂಚದ ಮೇಲೆ ಮಗಳನ್ನು ಮಲಗಿಸಿದಳು.

"ಅದರೊಳಗ ಹತ್ತಿ ಐತ್ರಿ ಸಾಹೇಬ್ರ, ಇದರೊಳಗ ಜೀವ ಐತಿ. ಬೆರಳು ನೋಡ್ರಿ ಮೊದಲ!"

ಪೆಂಡಾಲೇ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ನಾಟಕಕ್ಕೆ ಒಳ್ಳೆಯ ತಿರುವು ಸಿಕ್ಕಿತೆಂದು ಎಲ್ಲರೂ ತಿಳಿದರು. "ಏನ್ ಆ್ಯಕ್ಟಿಂಗಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಿಳ್ಳೆಯೂ ಬಂತು.

ಗುರುಪಾದಪ್ಪನವರು ಮೊದಲು ಸಿಡುಕಿದರು. ಆಮೇಲೆ ಬೆರಳು ನೋಡಿದರು. ಉಗುರು ಒತ್ತಿ ನೋಡಿದರು. ಹಚ್ಚಿದ ಬಣ್ಣದ ಕೆಳಗೇ ಮುಖ ಬಿಳಿಚಿತು. ಅಳು ಎಲ್ಲಿ ಹೋಯಿತೋ!

"ಪ್ಲಾಸ್ಟರ್ ಬಿಗಿಯಾಗಿ ರಕ್ತ ಹರೀತಿಲ್ಲ! ಕಟರ್ ತರ್ರಿ, ಓಡ್ರಿ!"

ಸೀರೆಯನ್ನು ಮೊಣಕಾಲಿಗೆತ್ತಿಕೊಂಡು ಕಂಪೌಂಡರ್ ಓಡಿದ. ಅದಕ್ಕೂ ನಗೆ, ಅದಕ್ಕೂ ಸಿಳ್ಳೆ. ರಂಗದ ಮೇಲೇ ಪ್ಲಾಸ್ಟರ್ ಸೀಳಿದರು. ಕಸ್ತೂರವ್ವ ಬೆರಳನ್ನೇ ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ ನೇರಳೆ ಬಣ್ಣ ಸರಿದು ಕೆಂಪು ಇಣುಕಿತು.

"ಯವ್ವಾ, ಬೆರಳು ಜುಂ ಅನ್ನಾಕತ್ತಾವು," ಎಂದಳು ಪಲ್ಲವಿ.

"ಇನ್ನಷ್ಟು ತಡವಾಗಿದ್ದರೆ ಕೈ ಉಳೀತಿರಲಿಲ್ಲ," ಎಂದು ಡಾಕ್ಟರು ಮೆಲ್ಲಗೆ ಅಂದರು. ಅದು ಕಸ್ತೂರವ್ವನಿಗೆ ಮಾತ್ರ ಕೇಳಿಸಿತು.

ಅಷ್ಟರಲ್ಲಿ ಮುಖ್ಯ ಅತಿಥಿ ಶಾಲು ಹಿಡಿದು ಬಂದರು. "ಉತ್ತಮ ನಟಿ ಬಹುಮಾನ ಈ ತಂಗಿಗೆ! ಭಾವ ಒಂಚೂರು ಅತಿಯಾಯಿತು, ಆದರೂ ಸಹಜವಾಗಿತ್ತು."

ಕಸ್ತೂರವ್ವ ಶಾಲು ಮುಟ್ಟಲಿಲ್ಲ. ಮೈಕಿಗೆ ಬಾಯಿಟ್ಟಳು.

"ಮುಂಜಾನಿಂದ ಇದ ಮಾತು ವಾರ್ಡಿನ್ಯಾಗ ಒದರೀನಿ, ಯಾರಿಗೂ ಕೇಳಲಿಲ್ಲ. ಇಲ್ಲಿ ಒದರಿದ್ರ ಶಾಲು ಹೊದಿಸಾಕ ಬರ್ತೀರಿ. ಒಳಗ ಇನ್ನೂ ಭಾಳ ಮಂದಿ ಬಿದ್ದಾರ್ರೀ. ಅವ್ರೆಲ್ಲಾ ಯಾವಾಗ ಬಣ್ಣ ಹಚ್ಚಿಕೊಂಡು ಬರಬೇಕು, ಹೇಳ್ರಿ!"

ಆ ಮಾತಿಗೂ ಚಪ್ಪಾಳೆ ಬಿತ್ತು.

ಚಪ್ಪಾಳೆ ಹೊಡೆಯದವರು ಒಬ್ಬರೇ. ಗುರುಪಾದಪ್ಪನವರು ಪಲ್ಲವಿಯನ್ನು ತಾವೇ ಎತ್ತಿಕೊಂಡರು. ಬಣ್ಣ ಕೂಡ ಒರೆಸದೆ ವಾರ್ಡಿನ ಕಡೆ ನಡೆದರು.

ನೀತಿ: ಕರೆದಾಗ ಎದ್ದು ಬಾರದವರ ಕಣ್ಣೀರು, ಎಷ್ಟೇ ಸುರಿದರೂ, ಬರೀ ಉಪ್ಪುನೀರು. ಇನ್ನೊಬ್ಬರ ಸಂಕಟಕ್ಕೆ ಚಪ್ಪಾಳೆ ತಟ್ಟಿ ಕೂತವರೂ ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿಯತಕ್ಕದ್ದು.