ಡೇವಿಡಪ್ಪನ ಹಳೇ ಬೇಸ್ ಗಿಟಾರಿಗೆ ಹೊಸ ವೈರು

ಅರಸೀಕೆರೆಯ ಸಾಕಮ್ಮನಿಗೆ ಸತ್ತ ಗಂಡ ಬಿಟ್ಟುಹೋದದ್ದು ಎರಡೇ: ಒಂದು ವಾದ್ಯ ರಿಪೇರಿ ಅಂಗಡಿ, ಒಬ್ಬ ಮಗ ಭೈರ. ಅಂಗಡಿ ಹೇಗೋ ಓಡ್ತಿತ್ತು. ಮೂವತ್ತು ತುಂಬಿದರೂ ಮಗನ ತಲೆ ಓಡ್ತಿರಲಿಲ್ಲ.

ಒಂದು ಬೆಳಗ್ಗೆ ಆರ್ಕೆಸ್ಟ್ರಾ ಡೇವಿಡಪ್ಪ ತನ್ನ ಹಳೇ ಬೇಸ್ ಗಿಟಾರು ತಂದ. "ಸಾಕಮ್ಮೋರೇ, ಗುಂಡಿ ತಿರುಗಿಸಿದ್ರೆ ಕರಕರ ಅಂತದೆ. ಒಳಗಿನ ವೈರು, ಗುಂಡಿ ಹೊಸದು ಹಾಕಿಕೊಡಿ. ಸಂಜೆ ಆರತಕ್ಷತೆ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ನಮ್ಮ ರಿಪೇರಿಯೆಲ್ಲ ಹಾಸನಕ್ಕೇ!"

ಆರ್ಕೆಸ್ಟ್ರಾ ಕೈಬಿಟ್ಟರೆ ಅಂಗಡಿಗೆ ಬೀಗವೇ. "ಭೈರಾ, ಹಳೇದನ್ನೆಲ್ಲ ಕಿತ್ತುಹಾಕು!" ಅಂದವಳೇ ಹೊಸ ಗುಂಡಿ ತರೋಕೆ ಪೇಟೆಗೆ ಹೋದಳು.

ಬಂದು ನೋಡ್ತಾಳೆ: ವೈರು ಕಿತ್ತಿದ್ದ, ತಂತಿ ಕಿತ್ತಿದ್ದ, ಈಗ ಗಿಟಾರಿನ ಹಿಡೀನೂ ಬಿಚ್ಚುತ್ತಿದ್ದ!

"ಲೋ ಮಂಕೇ! ಇದೇನೋ?"

"ಎಲ್ಲಾ ಹಳೇದೇ ಅವ್ವಾ!"

"ವೈರು, ಗುಂಡಿ ಅಷ್ಟೇ ಕಣೋ! ಹಳೇದು ಹೆಂಗಿತ್ತೋ ಹೊಸದನ್ನ ಹಂಗೇ ಕೂರಿಸು!"

ಹಂಗೇ ಕೂರಿಸಿದ. ಹಳೇ ವೈರು ನಡುವೆ ತುಂಡಾಗಿತ್ತು. ಹೊಸದನ್ನೂ ಅಲ್ಲೇ ತುಂಡು ಮಾಡಿದ. ಹಳೇ ಗುಂಡಿಯಲ್ಲಿ ಧೂಳಿತ್ತು. ಹೊಸದಕ್ಕೂ ಬಾಗಿಲಾಚೆಯಿಂದ ಒಂದು ಚಿಟಿಕೆ ತಂದು ತುಂಬಿದ.

"ಅಯ್ಯೋ ನನ್ನ ಹಣೇಬರಹವೇ! ಗಟ್ಟಿಯಾಗಿ ಬೆಸುಗೆ ಹಾಕಿ, ಎಳೆದು ನೋಡ್ಬೇಕು ಕಣೋ!"

ಬೇರೆ ವೈರು ತಗೊಂಡು ಬೆಸುಗೆ ಹಾಕಿದ. ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಬಂತು!

"ಎಳೆದು ನೋಡ್ದೆ ಅವ್ವಾ, ಬಂತು!"

"ಒಂದೇ ಸಲ ಎಳಿಬೇಕು! ಬರ್ಲಿಲ್ಲ ಅಂದ್ರೆ ಬಿಡ್ಬೇಕು! ಅಲ್ಲಾಡಿದ್ರೆ ಮಾತ್ರ ಬೆಸುಗೆ!"

ಕಡೆಗೆ ಸಾಕಮ್ಮ ತಾನೇ ಕೂತು ಗುಂಡಿಯ ಧೂಳು ಊದಿ, ಎಲ್ಲ ಜೋಡಿಸಿ, ಅಂಗಡಿಯ ಸ್ಪೀಕರ್ ಪೆಟ್ಟಿಗೆಯೊಳಗಿಂದಲೇ ಬಂದ ಕೇಬಲ್ ಸಿಕ್ಕಿಸಿ ನುಡಿಸಿದಳು. ಗುಂಯ್ ಅಂತು! ಡೇವಿಡಪ್ಪನ್ನ ಕರೆಯೋಕೆ ಹೋದಳು. ಅಷ್ಟರಲ್ಲಿ ಭೈರ ನೋಡ್ತಾನೆ, ಗಿಟಾರಿಗೆ ಸಿಕ್ಕಿಸಿದ ಕೇಬಲ್ ಪಿನ್ನು ಅಲ್ಲಾಡ್ತಾ ಇದೆ!

ಡೇವಿಡಪ್ಪ ಬಂದು ಪಿನ್ನು ಎಳೆದ. "ಇದೇನ್ರೀ, ಬರ್ತಾನೇ ಇಲ್ಲ!"

"ಅಲ್ಲಾಡ್ತಿತ್ತು, ಬೆಸುಗೆ ಹಾಕ್ದೆ," ಅಂದ ಭೈರ. "ಒಂದೇ ಸಲ ಎಳೆದೆ ಅವ್ವಾ. ಬರ್ಲಿಲ್ಲ. ಬಿಟ್ಟೆ!"

ಬಿಡಿಸೋಕೆ ಹೊತ್ತೆಲ್ಲಿ? ಡೇವಿಡಪ್ಪನ ಕೈಲಿ ಗಿಟಾರು, ಹಿಂದೆ ಕೇಬಲ್, ಅದರ ಹಿಂದೆ ಪೆಟ್ಟಿಗೆ ಹೊತ್ತ ಭೈರ. ಸಾಕಮ್ಮ ಬಾಗಿಲಿಂದ ಕೂಗಿದಳು: "ಲೋ, ಆ ಪೆಟ್ಟಿಗೆ ಬಿಟ್ಟು ಮನೆಗೆ ಬರಬೇಡ!"

ಆರತಕ್ಷತೆ ಚೆನ್ನಾಗೇ ಆಯ್ತು. ಮಾರನೇ ದಿನ ಆರ್ಕೆಸ್ಟ್ರಾ ಕಡೂರಿಗೆ ಹೋಯ್ತು, ಆಮೇಲೆ ತರೀಕೆರೆಗೆ. ಪೆಟ್ಟಿಗೆ ಹೋದಲ್ಲೆಲ್ಲ ಭೈರನೂ ಹೋದ. ಇನ್ನೂ ಬಂದಿಲ್ಲ.

ಸಾಕಮ್ಮನ ಅಂಗಡಿ ಈಗ ಬಲು ಚೆನ್ನಾಗಿ ನಡೀತಿದೆ.